ಕೆರೆ ನೋಡಲು ಎಲ್ಲಿ ನಿಲ್ಲಬೇಕು?

ಶಾಲೆಯಿಂದ ಬಂದ ಮೊಮ್ಮಗಳು ಬ್ಯಾಗು ಕೆಳಗಿಡುವ ಮೊದಲೇ ಸುದ್ದಿ ಹೇಳಿದಳು. “ತಾತ, ‘ನಮ್ಮ ಸುತ್ತಲಿನ ನೀರು’ ಅಂತ ಶಾಲೇಲಿ ಪ್ರದರ್ಶನ ಮಾಡ್ತಾರಂತೆ. ಒಬ್ಬೊಬ್ಬರು ಒಂದೊಂದು ಫೋಟೋ ತರಬೇಕು. ಅದರ ಕೆಳಗೆ ನಾಲ್ಕು ಸಾಲು ಬರೀಬೇಕು.”

“ಹೋದ ಭಾನುವಾರ ಕಾರಿನಲ್ಲಿ ಹೋಗುವಾಗ ಅಮ್ಮನ ಫೋನಿನಲ್ಲಿ ತೆಗೆದಿದ್ದೀಯಲ್ಲ?” ಎಂದೆ.

ಇಬ್ಬರೂ ಕೂತು ನೋಡಿದೆವು. ನಲವತ್ತು ಚಿತ್ರಗಳಿದ್ದವು. ಎಲ್ಲದರಲ್ಲೂ ಮೇಲರ್ಧ ಆಕಾಶ, ಕೆಳಗರ್ಧ ನೀರು, ಮಧ್ಯೆ ಗೆರೆ ಎಳೆದ ಹಾಗೆ ದಡ. ಮೂರು ಬೇರೆ ಬೇರೆ ಕೆರೆಗಳ ಚಿತ್ರಗಳವು. ಯಾವುದು ಯಾವ ಕೆರೆ ಎಂದು ತೆಗೆದವಳಿಗೇ ಗೊತ್ತಾಗಲಿಲ್ಲ.

“ನಿನ್ನೂರಲ್ಲಿ ದೊಡ್ಡ ಕೆರೆ ಇತ್ತು ಅಂತ ಹೇಳ್ತಾ ಇರ್ತೀಯಲ್ಲ ತಾತ, ಅದರ ಫೋಟೋ ಇದ್ರೆ ಕೊಡು, ಅದನ್ನೇ ತಗೊಂಡು ಹೋಗ್ತೀನಿ.”

ಟ್ರಂಕು ತೆಗೆದೆ. ನನ್ನ ಹತ್ತಿರ ಆಗ ಆಗ್ಫಾ ಕ್ಲಿಕ್ ತ್ರೀ ಎಂಬ ಪುಟ್ಟ ಕ್ಯಾಮೆರಾ ಇತ್ತು. ಒಂದು ರೀಲಿಗೆ 12 ಫೋಟೋ. ಆ ಹನ್ನೆರಡನ್ನೂ ಜೋಪಾನವಾಗಿ ಮದುವೆ, ನಾಮಕರಣ, ಗೃಹಪ್ರವೇಶಗಳಿಗೇ ಖರ್ಚು ಮಾಡುತ್ತಿದ್ದೆವು. ಹುಡುಕಿ ಹುಡುಕಿ ಕಡೆಗೆ ಒಂದು ಸಿಕ್ಕಿತು. ಕೆರೆ ಏರಿಯ ಮೇಲೆ ನನ್ನ ಅಕ್ಕ ನಿಂತಿದ್ದಾಳೆ. ಅವಳ ಸೀರೆಯ ಅಂಚು ಕೂಡ ಚೆನ್ನಾಗಿ ಕಾಣುತ್ತದೆ. ಹಿಂದೆ ಕೆರೆ ಇರಬೇಕಾದ ಕಡೆ ಬರೀ ಬಿಳಿ. ಆ ಕೆರೆಯ ಅಂಗಳದಲ್ಲಿ ಈಗ ಬಡಾವಣೆ ಎದ್ದಿದೆ. ನಾನು ಈಜು ಕಲಿತ ನೀರು ಹೇಗಿತ್ತೆಂದು ಮೊಮ್ಮಗಳಿಗೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ.

ಅವತ್ತೇ ತೀರ್ಮಾನ ಮಾಡಿದೆವು. ಡಿಸೆಂಬರಿನ ಭಾನುವಾರಗಳಲ್ಲಿ ಮೈಸೂರು, ಮಂಡ್ಯದ ಕಡೆಯ ಕೆರೆಗಳನ್ನು ಒಂದೊಂದಾಗಿ ನೋಡುವುದು. ಪ್ರತಿಯೊಂದು ಕೆರೆಯಲ್ಲೂ ಒಳ್ಳೆಯ ಚಿತ್ರ ಸಿಗುವ ಜಾಗ ಹುಡುಕುವುದು. ಅವಳ ಕೈಯಲ್ಲಿ ಫೋನು, ನನ್ನ ಕೈಯಲ್ಲಿ ಒಂದು ನೋಟ್ ಪುಸ್ತಕ. ಆ ಸುತ್ತಾಟದಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ನಿಮ್ಮೂರಿನ ಕೆರೆಗೂ ಅದು ಹೊಂದುತ್ತದೆ.

ಕೆರೆಯ ಅಂಗಾಂಗ

ಹೊರಡುವ ಹಿಂದಿನ ರಾತ್ರಿ ಅವಳಿಗೊಂದು ಪಾಠ ಮಾಡಿದೆ. ಪಾಠ ಫೋಟೋ ತೆಗೆಯುವುದರ ಬಗ್ಗೆ ಆಗಿರಲಿಲ್ಲ, ಕೆರೆಯ ಬಗ್ಗೆ.

ನಮ್ಮ ಕಡೆಯ ಕೆರೆಗಳು ತಾವಾಗಿ ಆದವಲ್ಲ, ಹಿರಿಯರು ಕಟ್ಟಿದವು. ಮಳೆನೀರು ಹರಿದು ಬರುವ ತಗ್ಗಿಗೆ ಅಡ್ಡಲಾಗಿ ಮಣ್ಣು, ಕಲ್ಲು ಹಾಕಿ ಕಟ್ಟಿದ ದಿಬ್ಬವೇ ಏರಿ. ಏರಿಯ ಕೆಳಗಿನ ಗದ್ದೆಗೆ ಬೇಕಾದಷ್ಟೇ ನೀರು ಬಿಡುವ ಕಂಡಿ ತೂಬು. ಹಳೆಯ ಕೆರೆಗಳಲ್ಲಿ ತೂಬಿನ ಮೇಲೆ ಎರಡು ಕಲ್ಲುಕಂಬ ನೀರಿನಿಂದ ಎದ್ದು ನಿಂತಿರುತ್ತವೆ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹರಿದು ಹೋಗುವ ಜಾಗ ಕೋಡಿ. ನೀರು ನಿಲ್ಲುವ ಬಯಲು ಅಂಗಳ. ತೂಬಿನ ನೀರು ಉಣ್ಣುವ ಗದ್ದೆಗಳೆಲ್ಲ ಸೇರಿ ಅಚ್ಚುಕಟ್ಟು. ಯಾರ ಗದ್ದೆಗೆ ಯಾವತ್ತು ಎಷ್ಟು ನೀರು ಎಂದು ನೋಡಿಕೊಂಡು ತೂಬು ಎತ್ತಿ ಇಳಿಸುವವನು ನೀರಗಂಟಿ.

“ಇಷ್ಟೆಲ್ಲ ಯಾಕೆ ತಾತ? ಫೋಟೋ ತಾನೇ ತೆಗೀಬೇಕಾಗಿರೋದು?”

“ಒಂದು ಕೆರೆಗೆ ಇವು ಐದು ನಿಲ್ಲುವ ಜಾಗ. ನೀನು ಕಾರಿನ ಕಿಟಕಿಯಿಂದ ನೋಡಿದ್ದು ಆರನೆಯದು, ಕೆರೆಗೆ ಸೇರದ್ದು” ಎಂದೆ.

ಏರಿಯ ಮೇಲೆ ನಿಂತರೆ ಎಡಕ್ಕೆ ನೀರು, ಬಲಕ್ಕೆ ಹಸಿರು ಗದ್ದೆ ಎರಡೂ ಒಂದೇ ಚಿತ್ರದಲ್ಲಿ ಬರುತ್ತವೆ. ತೂಬಿನ ಹತ್ತಿರ ಕೂತರೆ ಕಲ್ಲುಕಂಬ ಮುಂದೆ, ನೀರು ಹಿಂದೆ. ಕೋಡಿಯ ಕೆಳಗೆ ಹರಿಯುವ ನೀರು. ಅಂಗಳದ ಆಚೆ ಕಡೆ, ನೀರು ಆಳವಿಲ್ಲದ ಹಿನ್ನೀರಿನಲ್ಲಿ, ಜೊಂಡು ಮತ್ತು ಹಕ್ಕಿ. ಅಚ್ಚುಕಟ್ಟಿನಿಂದ ತಿರುಗಿ ನೋಡಿದರೆ ಕೆರೆಯೇ ಕಾಣದು, ಏರಿ ಮಾತ್ರ ಕೋಟೆಯ ಹಾಗೆ ಕಾಣುತ್ತದೆ. ಕೆರೆ ಎಷ್ಟು ಎತ್ತರದಲ್ಲಿ ನೀರು ಹಿಡಿದು ನಿಂತಿದೆ ಎಂಬುದು ಅಲ್ಲಿಂದಲೇ ತಿಳಿಯುವುದು.

ಮೊದಲ ಭಾನುವಾರ: ಫೋನು ಜೇಬಿನಲ್ಲಿ

ಮೊದಲು ಹೋದದ್ದು ಮೈಸೂರಿನ ಕುಕ್ಕರಹಳ್ಳಿ ಕೆರೆಗೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆ ಇದು. ಪಕ್ಕದಲ್ಲೇ ಮಾನಸಗಂಗೋತ್ರಿ. ಕುವೆಂಪು ಅವರು ಈ ಕೆರೆಯ ಸುತ್ತ ವಾಯುವಿಹಾರಕ್ಕೆ ಬರುತ್ತಿದ್ದರು. ನಮ್ಮ ಕಾಲದ ವಿದ್ಯಾರ್ಥಿಗಳಿಗೆಲ್ಲ ಅದು ಹೆಮ್ಮೆಯ ಮಾತು.

ಬಾಗಿಲಲ್ಲೇ ನಾನೊಂದು ಕರಾರು ಹಾಕಿದೆ. ಮೊದಲ ಸುತ್ತಿಗೆ ಫೋನು ಜೇಬಿನಿಂದ ತೆಗೆಯಬಾರದು. ಅವಳ ಮುಖ ಸಣ್ಣದಾಯಿತು. ಆದರೆ ಕಾಲು ಗಂಟೆ ಕಳೆಯುವಷ್ಟರಲ್ಲಿ ಅವಳೇ, “ತಾತ, ಬರ್ಕೋ” ಎನ್ನತೊಡಗಿದಳು. ಎರಡನೇ ತಿರುವಿನಲ್ಲಿ ನೀರಿನ ಮೇಲೆ ಬಾಗಿದ ಮರ. ಅದರಾಚೆ ಕಲ್ಲುಬೆಂಚು, ಅಲ್ಲಿಂದ ನಡುಗಡ್ಡೆಯ ಮರಗಳು ಪೂರ್ತಿ ಕಾಣುತ್ತವೆ. ಇನ್ನೊಂದು ಕಡೆ ದಾರಿ ನೀರಿನ ಅಂಚಿಗೇ ಇಳಿಯುತ್ತದೆ. ಒಂದು ಸುತ್ತು ಮುಗಿಯುವಾಗ ನೋಟ್ ಪುಸ್ತಕದಲ್ಲಿ ಏಳು ಜಾಗಗಳಿದ್ದವು. ಎರಡನೇ ಸುತ್ತಿಗೆ ಫೋನು ತೆಗೆದು ಅವಳು ನಿಂತದ್ದು ಆ ಏಳರಲ್ಲಿ ಮೂರು ಕಡೆ ಮಾತ್ರ. ಅವತ್ತು ತೆಗೆದ ಚಿತ್ರಗಳು ಒಟ್ಟು ಹನ್ನೊಂದು. ನನ್ನ ಹಳೆಯ ರೀಲಿಗಿಂತ ಒಂದು ಕಡಿಮೆ!

ನಡುಗಡ್ಡೆಯ ಮರಗಳ ತುದಿಯಲ್ಲಿ ಹೆಜ್ಜಾರ್ಲೆಗಳು ಕೂತಿದ್ದವು. ಕೊಕ್ಕಿನ ಕೆಳಗೆ ಚೀಲ ತೂಗುಬಿಟ್ಟ ಈ ದೊಡ್ಡ ಹಕ್ಕಿಗಳನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಊರಿನ ಮರಗಳ ಮೇಲೇ ನೋಡಬಹುದು. ಫೋನಿನಲ್ಲಿ ಅವು ಬಿಳಿ ಚುಕ್ಕೆಗಳಾಗಿ ಬಂದವು. ಮೊಮ್ಮಗಳು ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದಳು. ಹಕ್ಕಿ ದೊಡ್ಡದಾಗುವ ಬದಲು ಕಲಸಿದ ಹಿಟ್ಟಿನ ಹಾಗಾಯಿತು. “ಹಕ್ಕಿ ಚಿಕ್ಕದಾಗಿಯೇ ಇರಲಿ ಬಿಡು, ಕೆರೆ ಎಷ್ಟು ದೊಡ್ಡದು ಅನ್ನೋದು ಅದರಿಂದ ಗೊತ್ತಾಗುತ್ತೆ” ಎಂದೆ. ಮನುಷ್ಯರಾಗಲಿ, ದೋಣಿಯಾಗಲಿ, ಹಕ್ಕಿಯಾಗಲಿ, ಅಳತೆ ಗೊತ್ತಿರುವ ಒಂದು ವಸ್ತು ಚಿತ್ರದಲ್ಲಿದ್ದರೆ ಉಳಿದದ್ದರ ಅಳತೆ ತಾನಾಗಿ ತಿಳಿಯುತ್ತದೆ.

ಸೂರ್ಯನಿಗೆ ಗೇಣು ಹಾಕುವುದು

ಅವತ್ತು ಇನ್ನೊಂದು ಆಟ ಕಲಿತೆವು. ಮಕ್ಕಳೇ, ನೀವೂ ಮಾಡಿ ನೋಡಿ.

ಸೂರ್ಯ ದಿನಾಲೂ ನೇರ ಪೂರ್ವಕ್ಕೇ ಹುಟ್ಟುವುದಿಲ್ಲ. ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಮಾತ್ರ ನೇರ ಪೂರ್ವ. ಡಿಸೆಂಬರ್ ಕೊನೆಯ ಹೊತ್ತಿಗೆ ದಕ್ಷಿಣಕ್ಕೆ, ಜೂನ್ ಕೊನೆಯ ಹೊತ್ತಿಗೆ ಉತ್ತರಕ್ಕೆ ಸರಿದಿರುತ್ತಾನೆ. ಮೈಸೂರಿನಿಂದ ನೋಡಿದರೆ ಒಂದೊಂದು ಕಡೆಗೂ ಸುಮಾರು 24 ಡಿಗ್ರಿ. ತೋಳು ಪೂರ್ತಿ ಚಾಚಿ, ಬೆರಳು ಅಗಲಿಸಿ ಗೇಣು ಹಿಡಿಯಿರಿ. ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಸುಮಾರು 20 ಡಿಗ್ರಿ. ಅಂದರೆ ಸೂರ್ಯ ಪೂರ್ವದಿಂದ ಒಂದು ಗೇಣಿಗಿಂತ ತುಸು ಹೆಚ್ಚು ಆಚೀಚೆ ಓಡಾಡುತ್ತಾನೆ. ಬೇಸಿಗೆ ರಜೆಯಲ್ಲಿ ಬೆಟ್ಟದ ನೆತ್ತಿಯ ಮೇಲೆ ಹುಟ್ಟುವುದನ್ನು ಕಂಡವರು ಡಿಸೆಂಬರಿನಲ್ಲಿ ಅದೇ ಕಲ್ಲಿನ ಮೇಲೆ ನಿಂತು ಕಾದರೆ, ಸೂರ್ಯ ಪಕ್ಕದ ತೆಂಗಿನ ತೋಟದ ಹಿಂದೆ ಹುಟ್ಟಿ ಬಂದಾನು.

ಸಂಜೆಗೆ ಇನ್ನೊಂದು ಲೆಕ್ಕ. ತೋಳು ಚಾಚಿ, ನಾಲ್ಕು ಬೆರಳುಗಳನ್ನು ಅಡ್ಡಲಾಗಿ ಜೋಡಿಸಿ, ಕಿರುಬೆರಳು ದಿಗಂತದ ಮೇಲೆ ಕೂರುವ ಹಾಗೆ ಹಿಡಿಯಿರಿ. ಸೂರ್ಯ ತೋರುಬೆರಳಿನ ಮೇಲಂಚಿಗೆ ತಾಗಿದ್ದರೆ ಮುಳುಗಲು ಸುಮಾರು ಅರ್ಧ ಗಂಟೆ ಇದೆ. ಬೆಳಕು ಹೊಂಬಣ್ಣಕ್ಕೆ ತಿರುಗುವ ಹೊತ್ತು ಅದೇ. ಒಂದು ಎಚ್ಚರಿಕೆ: ಅಳೆಯುವಾಗ ಸೂರ್ಯನನ್ನೇ ದಿಟ್ಟಿಸಬೇಡಿ. ಕೈಯನ್ನು ಅಡ್ಡ ಹಿಡಿದು, ಅಂಚಿನಲ್ಲಿ ಬೆಳಕು ಎಲ್ಲಿ ಇಣುಕುತ್ತದೆ ಎಂದು ನೋಡಿದರೆ ಸಾಕು.

ಏರಿ ಮೇಲೆ ನಿಂತು ಕೆರೆಯನ್ನು ನೋಡುವಾಗ ನಿಮ್ಮ ಮುಖ ಪೂರ್ವಕ್ಕಿದ್ದರೆ ಆ ಕೆರೆ ಸೂರ್ಯೋದಯದ್ದು. ಪಶ್ಚಿಮಕ್ಕಿದ್ದರೆ ಸೂರ್ಯಾಸ್ತದ್ದು. ಅಷ್ಟು ನೋಡಿಕೊಂಡರೆ ಅರ್ಧ ಅಲೆದಾಟ ತಪ್ಪುತ್ತದೆ.

ಎರಡನೇ ಭಾನುವಾರ: ಮುತ್ತಿನ ಕೆರೆ

ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಗೆ ಹೋಗಲು ನಾಲ್ಕೂವರೆಗೆ ಏಳಬೇಕಾಯಿತು. ನನ್ನ ಮಗ ಕಾರು ಓಡಿಸಿದ. ಮೊಮ್ಮಗಳು ದಾರಿಯುದ್ದಕ್ಕೂ ನನ್ನ ಹೆಗಲ ಮೇಲೆ ನಿದ್ದೆ ಹೊಡೆದಳು.

ಬೆಟ್ಟಗಳ ನಡುವಿನ ಸಂದಿಗೆ ಏರಿ ಕಟ್ಟಿ ನಿಲ್ಲಿಸಿದ ನೀರು ಇದು. ಯಾದವ ಸಮುದ್ರ ಎಂಬ ಹೆಸರು ಇದಕ್ಕಿತ್ತು. ರಾಮಾನುಜಾಚಾರ್ಯರು ತಿರುಮಲಸಾಗರ ಎಂದು ಕರೆದರಂತೆ. 1746ರಲ್ಲಿ ಇಲ್ಲಿಗೆ ಬಂದ ನಾಸಿರ್ ಜಂಗ್ ಇದರ ತಿಳಿನೀರು ನೋಡಿ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಎಂದನಂತೆ. ಊರಿನಲ್ಲಿ ಹೊಯ್ಸಳರ ಕಾಲದ ನಂಬಿನಾರಾಯಣ ದೇವಾಲಯವಿದೆ. ಅದನ್ನು ನೋಡದೆ ಹಿಂತಿರುಗಬೇಡಿ.

ನಾವು ತಲುಪಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ನೀರಿನ ಮೇಲೆ ಹಬೆ ಆಡುತ್ತಿತ್ತು. “ಕೆರೆ ಕುದೀತಾ ಇದೆಯಾ?” ಎಂದಳು. ಕುದಿಯುತ್ತಿಲ್ಲ. ಹಗಲಿಡೀ ಬಿಸಿಲು ಕುಡಿದ ನೀರು ರಾತ್ರಿ ಬೇಗ ಆರುವುದಿಲ್ಲ, ಗಾಳಿ ಬೇಗ ತಣ್ಣಗಾಗುತ್ತದೆ. ನೀರಿನಿಂದೆದ್ದ ತೇವ ಆ ಚಳಿಗಾಳಿಗೆ ತಾಗಿ ಮಂಜಾಗುತ್ತದೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಇದನ್ನು ಕಾಣಬಹುದು. ಬಿಸಿಲು ಏರಿದರೆ ಮಾಯ.

ಬೆಳಗಿನ ಜಾವವೇ ಯಾಕೆ ಎಂಬುದಕ್ಕೆ ಇನ್ನೊಂದು ಕಾರಣವಿದೆ. ನೆಲ ಕಾದ ಮೇಲೆ ಗಾಳಿ ಎದ್ದು ಅಲೆ ಏಳುತ್ತದೆ. ಅದಕ್ಕೆ ಮೊದಲು ನೀರು ಕನ್ನಡಿಯಂತೆ ನಿಂತಿರುತ್ತದೆ. ಬೆಟ್ಟದ ಪ್ರತಿಬಿಂಬ ಬೇಕಾದರೆ ಆ ಹೊತ್ತಿಗೇ ಬರಬೇಕು. ಮೊಮ್ಮಗಳು ನಿಂತು ತೆಗೆದ ಚಿತ್ರದಲ್ಲಿ ಬೆಟ್ಟದ ಬಿಂಬ ಮಸುಕಾಗಿತ್ತು. ಕುಕ್ಕರಗಾಲಿನಲ್ಲಿ ಕೂತು, ಫೋನನ್ನು ಮೊಣಕಾಲಿಗಿಂತ ಕೆಳಗೆ ಹಿಡಿದು ಇನ್ನೊಂದು ತೆಗೆದಳು. ಬೆಟ್ಟ ತಲೆಕೆಳಗಾಗಿ ಪೂರ್ತಿ ಮೂಡಿತು. ನೀರನ್ನು ಮೇಲಿನಿಂದ ನೋಡಿದರೆ ಒಳಗಿನ ಕಲ್ಲು ಕಾಣುತ್ತದೆ, ಓರೆಯಾಗಿ ನೋಡಿದರೆ ಆಕಾಶ ಕಾಣುತ್ತದೆ. ಬಕೆಟ್ಟಿನ ನೀರಿನಲ್ಲೇ ಇದನ್ನು ಪರೀಕ್ಷೆ ಮಾಡಬಹುದು.

ಒಂಬತ್ತು ಗಂಟೆಯಾಗುತ್ತಲೇ ಜನ ಬರತೊಡಗಿದರು. ಈಜಲು ಇಳಿಯುವವರು, ಬಂಡೆಯ ತುದಿಗೆ ಹೋಗಿ ಸೆಲ್ಫಿ ತೆಗೆದುಕೊಳ್ಳುವವರು. ಕೆರೆಗಳಲ್ಲಿ ಹೀಗೆ ಇಳಿದು ಪ್ರಾಣ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಮೇಲಿನಿಂದ ತಿಳಿಯಾಗಿ ಕಂಡರೂ ಅಂಗಳದಲ್ಲಿ ಮಣ್ಣು ತೆಗೆದ ಗುಂಡಿಗಳು, ಕಾಲು ಹೂಳುವ ಕೆಸರು ಇರುತ್ತವೆ. “ನೋಡು, ನಾವು ದಡದವರು” ಎಂದು ಮೊಮ್ಮಗಳಿಗೆ ಹೇಳಿದೆ. ದೊಡ್ಡವನ ಹಾಗೆ ಹೇಳಿದೆನಲ್ಲ, ಅದಕ್ಕೆ ಅದೇ ದಿನ ನನಗೆ ತಕ್ಕ ಶಾಸ್ತಿಯಾಯಿತು.

ಹಲಗೆ ಇಲ್ಲದ ಕೆರೆ

ವಾಪಸು ಬರುವ ದಾರಿಯಲ್ಲಿ ಒಂದು ಸಣ್ಣ ಕೆರೆ ಸಿಕ್ಕಿತು. ಹೆಸರಿನ ಹಲಗೆ ಇಲ್ಲ, ಪ್ರವಾಸಿಗಳಿಲ್ಲ, ಗಾಡಿ ನಿಲ್ಲಿಸುವ ಜಾಗವೂ ಇಲ್ಲ. ಹಿಂದೆ ಒಂದು ಬೋಳು ಗುಡ್ಡ, ಮುಂದೆ ಏರಿ, ಏರಿಯ ಕೆಳಗೆ ಭತ್ತ ಕೊಯ್ದ ಗದ್ದೆ. ಆ ವರ್ಷ ಮಳೆ ಚೆನ್ನಾಗಿ ಆಗಿದ್ದರಿಂದ ಕೋಡಿಯಲ್ಲಿ ಇನ್ನೂ ತೆಳುವಾಗಿ ನೀರು ಜಾರುತ್ತಿತ್ತು.

ಗುಡ್ಡ, ನೀರು, ಕೋಡಿ ಮೂರೂ ಒಂದೇ ಚಿತ್ರದಲ್ಲಿ ಬರಲಿ ಎಂದು ನಾನು ಮೊಮ್ಮಗಳ ಫೋನು ತೆಗೆದುಕೊಂಡೆ. ಕಣ್ಣು ಪರದೆಯ ಮೇಲೆ, ಕಾಲು ಹಿಂದಕ್ಕೆ. ಒಂದು ಹೆಜ್ಜೆ, ಎರಡು ಹೆಜ್ಜೆ. ಮೂರನೆಯದು ಕೋಡಿಕಲ್ಲಿನ ಪಾಚಿಯ ಮೇಲೆ ಬಿತ್ತು. ಆಮೇಲೆ ನೆನಪಿರುವುದು ಮೊಮ್ಮಗಳ ಕೂಗು, ಬಲಮಂಡಿಗೆ ಬಿದ್ದ ಪೆಟ್ಟು. ಇನ್ನೊಂದು ಗೇಣು ಆಚೆ ಜಾರಿದ್ದರೆ ಆಳೆತ್ತರದ ಕೆಳಗೆ ಕಲ್ಲುಗುಂಡಿ.

“ಯೋ ಸ್ವಾಮಿ, ಅಲ್ಲೇ ಕೂತ್ಕಳಿ, ಏಳ್ಬ್ಯಾಡಿ!” ಎನ್ನುತ್ತ ಏರಿಯ ಮೇಲಿಂದ ಒಬ್ಬರು ಓಡಿ ಬಂದರು. ನನ್ನದೇ ವಯಸ್ಸು. ಕೈಕೊಟ್ಟು ಎಬ್ಬಿಸಿ, ಒಣಗಿದ ಕಡೆ ಕೂರಿಸಿ, ಮಂಡಿ ನೋಡಿ, “ಮೂಳೆಗೇನೂ ಆಗಿಲ್ಲ. ಕೋಡಿ ಮ್ಯಾಲೆ ಹಿಂದಿಂದಕ್ಕೆ ನಡ್ಯೋರ್ನ ಇವತ್ತೇ ನೋಡಿದ್ದು” ಎಂದರು. ಮೊಮ್ಮಗಳು ಅಳುತ್ತಿದ್ದವಳು ನಕ್ಕುಬಿಟ್ಟಳು. ನನಗೂ ನಗು ಬಂತು, ಕೈ ಮಾತ್ರ ನಡುಗುತ್ತಿತ್ತು.

ಅವರು ಆ ಕೆರೆಯ ನೀರಗಂಟಿ. ಅವರ ತಂದೆಯೂ ಅದೇ ಕೆಲಸ ಮಾಡಿದವರು. ನಾವು ಫೋಟೋಗಾಗಿ ಜಾಗ ಹುಡುಕುತ್ತಿದ್ದೇವೆ ಎಂದು ಕೇಳಿ ಅವರು ಕೆರೆಯತ್ತ ಒಮ್ಮೆ ನೋಡಿ ಹೇಳಿದರು: “ಈಗ ಬಂದ್ರೆ ಏನ್ ಸಿಕ್ಕದು? ಸಾಯಂಕಾಲ ಬಿಸ್ಲು ಆ ಗುಡ್ಡದ ಬಂಡೆಗೆ ಒಡೀತದೆ. ಬಂಡೆ ಕೆಂಪಗಾಯ್ತದೆ. ಅದೆಲ್ಲ ನೀರ್ನಾಗೆ ಕಾಣ್ಬೇಕು ಅಂದ್ರೆ ತೂಬಿನ ತಾವ ಕೂರ್ಬೇಕು. ನಾನು ದಿನಾ ನೋಡ್ತೀನಲ್ಲ.”

ಮೊಮ್ಮಗಳು ಕೆರೆಯ ಹೆಸರು ಕೇಳಿದಳು.

“ದೊಡ್ಕೆರೆ ಅಂತೀವಿ ಮಗ. ಚಿಕ್ದೇಯ. ನಮ್ಗೆ ದೊಡ್ದು.”

ಸಂಜೆಯವರೆಗೆ ಕಾದೆವು. ಪಕ್ಕದ ಹಳ್ಳಿಯ ಹೋಟೆಲಿನಲ್ಲಿ ಇಡ್ಲಿ ತಿಂದು, ಮರದ ಕೆಳಗೆ ಮಲಗಿ ಎದ್ದು, ಐದೂವರೆಗೆ ತೂಬಿನ ಹತ್ತಿರ ಏರಿಯ ಕಲ್ಲಿನ ಮೇಲೆ ಕೂತೆವು. ನಾಲ್ಕು ಬೆರಳಿನ ಲೆಕ್ಕ ಸರಿಯಾಗಿತ್ತು. ಬಂಡೆ ಮೊದಲು ಹಳದಿಯಾಯಿತು, ಆಮೇಲೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಗಾಳಿ ನಿಂತಿತು. ತೂಬಿನ ಎರಡು ಕಂಬಗಳ ನಡುವೆ ಗುಡ್ಡ ಬಾಗಿಲೊಳಗಿನ ದೇವರ ಹಾಗೆ ಬಂದು ಕೂತಿತು. ಮೊಮ್ಮಗಳು ತೆಗೆದದ್ದು ಮೂರೇ ಚಿತ್ರ.

ಯಾವ ಪಟ್ಟಿಯಲ್ಲೂ ಆ ಜಾಗ ಇಲ್ಲ. ಅದನ್ನು ಬಲ್ಲವರು ದಿನಾ ಅಲ್ಲಿ ನಿಲ್ಲುವವರು. ದನ ಮೇಯಿಸುವವರು, ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ನೀರಗಂಟಿ. ಕೆರೆಗೆ ಹೋದರೆ ಮೊದಲು ಅವರನ್ನು ಮಾತಾಡಿಸಿ. ಅವರದೇ ಫೋಟೋ ತೆಗೆಯುವುದಾದರೆ ಕೇಳಿ ತೆಗೆಯಿರಿ.

ಮೂರನೇ ಭಾನುವಾರ: ದೂರದ ನೆಂಟರು

ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಹೆಸರು ಮೈಸೂರು ಅರಸರ ಕಥೆಯಲ್ಲಿ ಬರುತ್ತದೆ. 1399ರಲ್ಲಿ ರಾಜ್ಯ ಕಟ್ಟಿದ ಯದುರಾಯರು ಹದಿನಾಡಿನ ರಾಜಕುಮಾರಿಯನ್ನು ಕಾಪಾಡಿ ಮದುವೆಯಾದರೆಂಬುದು ಆ ಕಥೆ. ಚಳಿಗಾಲದಲ್ಲಿ ಈ ಊರಿನ ಕೆರೆಗೆ ಬರುವ ನೆಂಟರು ಪಟ್ಟೆತಲೆ ಹೆಬ್ಬಾತುಗಳು. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ಟಿನ ಎತ್ತರದ ಕೆರೆಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿಕೊಂಡ ಹಕ್ಕಿಗಳು ಇಲ್ಲಿ ಕಂಡಿವೆ. ರಾತ್ರಿ ಗದ್ದೆಗಳಲ್ಲಿ ಮೇಯ್ದು, ಹಗಲು ನೀರಿನ ಅಂಚಿನಲ್ಲಿ ದಣಿವಾರಿಸಿಕೊಳ್ಳುತ್ತವೆ.

ಇಲ್ಲಿ ನಾವು ಏರಿಯಿಂದ ಕೆಳಗಿಳಿಯಲೇ ಇಲ್ಲ. ನಾವು ನೋಡುತ್ತಿರುವಾಗಲೇ ಯಾರೋ ಕ್ಯಾಮೆರಾ ಹಿಡಿದು ಅಂಗಳಕ್ಕೆ ಇಳಿದರು. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಹಕ್ಕಿಗಳು ಕತ್ತು ನೆಟ್ಟಗೆ ಮಾಡಿದವು. ಮತ್ತೆ ಹತ್ತು ಹೆಜ್ಜೆಗೆ ಇಡೀ ಹಿಂಡು ಎದ್ದು ಹೋಯಿತು. ಹಾರುವ ಹಿಂಡು ನೋಡಲು ಚೆಂದವೇ. ಆದರೆ ಹಿಮಾಲಯ ದಾಟಿ ಬಂದ ಹಕ್ಕಿಯ ಹಗಲಿನ ನಿದ್ದೆ ಅದು. “ನಮ್ಮ ಫೋಟೋಕ್ಕೆ ಅವು ಯಾಕೆ ಏಳಬೇಕು?” ಎಂದು ಮೊಮ್ಮಗಳು ಕೇಳಿದಳು. ನಾನು ಉತ್ತರ ಹೇಳಬೇಕಾಗಿರಲಿಲ್ಲ. ಹಕ್ಕಿ ತಲೆ ಎತ್ತಿತೆಂದರೆ ನಾವು ನಿಲ್ಲಬೇಕು. ಅಷ್ಟು ನೆನಪಿದ್ದರೆ ಸಾಕು.

ಫೋನಿನವರಿಗೆ ನಾಲ್ಕು ಮಾತು

ಮೊದಲು ಫೋನಿನ ಗಾಜನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ. ನಮ್ಮ ಅರ್ಧ ಚಿತ್ರಗಳು ಮಸುಕಾಗಿದ್ದಕ್ಕೆ ಕಾರಣ ಚಕ್ಕುಲಿಯ ಎಣ್ಣೆ.

ದಡದ ಗೆರೆ ಚಿತ್ರದ ನಟ್ಟನಡುವೆ ಬರುವುದು ಬೇಡ. ಆಕಾಶ ಚೆನ್ನಾಗಿದ್ದರೆ ಆಕಾಶಕ್ಕೆ ಮೂರರಲ್ಲಿ ಎರಡು ಪಾಲು ಕೊಡಿ, ನೀರು ಚೆನ್ನಾಗಿದ್ದರೆ ನೀರಿಗೆ. ಪ್ರತಿಬಿಂಬ ಪೂರ್ತಿ ಇದ್ದಾಗ ಮಾತ್ರ ಗೆರೆ ನಡುವೆ ಇದ್ದರೂ ಸೊಗಸು. ಗೆರೆ ಓರೆಯಾಗದಿರಲಿ. ಓರೆಯಾದರೆ ಕೆರೆ ಚೆಲ್ಲಿಹೋಗುವಂತೆ ಕಾಣುತ್ತದೆ!

ಹತ್ತಿರದ ಒಂದು ವಸ್ತು ಇರಲಿ. ಕಲ್ಲು, ಜೊಂಡು, ತೂಬಿನ ಕಂಬ, ತೆಪ್ಪದ ಮೂತಿ, ಏನಾದರೂ.

ಸಂಜೆ ಆಕಾಶ ಬೆಳ್ಳಗೆ ಸುಟ್ಟಂತೆ ಬಂದರೆ, ಪರದೆಯಲ್ಲಿ ಆಕಾಶದ ಮೇಲೆ ಬೆರಳಿಟ್ಟು ಬೆಳಕು ಸ್ವಲ್ಪ ತಗ್ಗಿಸಿ. ಬಣ್ಣ ವಾಪಸು ಬರುತ್ತದೆ. ಮತ್ತೆ, ನನ್ನ ಮಂಡಿಯ ಸಾಕ್ಷಿಯಾಗಿ ಹೇಳುತ್ತೇನೆ: ಕಣ್ಣು ಪರದೆಯ ಮೇಲಿದ್ದಾಗ ಕಾಲು ಅಲ್ಲಾಡಬಾರದು. ಜಾಗ ಬದಲಿಸಬೇಕಾದರೆ ಫೋನು ಇಳಿಸಿ, ತಿರುಗಿ, ನೋಡಿ ನಡೆಯಿರಿ. ಮಕ್ಕಳು ದೊಡ್ಡವರಿಲ್ಲದೆ ಕೆರೆಗೆ ಹೋಗಬೇಡಿ. ದೊಡ್ಡವರೂ ಒಬ್ಬರೇ ಹೋಗದಿರುವುದು ಒಳ್ಳೆಯದು.

ಎರಡು ಮೊಳ

ಪ್ರದರ್ಶನದಲ್ಲಿ ತೂಬಿನ ಚಿತ್ರವನ್ನು ಎಲ್ಲರೂ ಮೆಚ್ಚಿದರು. ಬಹುಮಾನ ಬರಲಿಲ್ಲ. ಬೇರೆ ಮಗುವೊಂದು ತನ್ನಜ್ಜಿಯ ಮನೆಯ ಸೇದುವ ಬಾವಿಯ ಒಳಗಿನ ಚಿತ್ರ ತಂದಿತ್ತು, ಅದು ನಿಜಕ್ಕೂ ಚೆನ್ನಾಗಿತ್ತು.

ಮಾರ್ಚ್ ತಿಂಗಳಲ್ಲಿ ನಾವು ಆ ಚಿತ್ರದ ಒಂದು ಪ್ರಿಂಟ್ ಹಾಕಿಸಿಕೊಂಡು ದೊಡ್ಡಕೆರೆಗೆ ಹೋದೆವು. ನೀರಗಂಟಿಯವರು ಅದನ್ನು ಎರಡು ಕೈಯಲ್ಲೂ ಹಿಡಿದು ಬಹಳ ಹೊತ್ತು ನೋಡಿದರು. ಬಂಡೆ ಕೆಂಪಗಿದೆ ಎಂದೋ, ಚಿತ್ರ ಚೆನ್ನಾಗಿದೆ ಎಂದೋ ಹೇಳುತ್ತಾರೆಂದು ಮೊಮ್ಮಗಳು ಕಾಯುತ್ತಿದ್ದಳು. ಅವರು ಚಿತ್ರದಲ್ಲಿ ತೂಬಿನ ಕಂಬದ ಒಂದು ಜಾಗದ ಮೇಲೆ ಬೆರಳಿಟ್ಟು, ಎದುರಿಗಿದ್ದ ಕಂಬ ತೋರಿಸಿದರು.

“ಆವತ್ತು ನೀರು ಇಲ್ಲಿಗಿತ್ತು. ಈಗ ಎರಡು ಮೊಳ ಇಳ್ದದೆ. ಓದ್ ವರ್ಸ ಇಷ್ಟೊತ್ಗೆ ಎಷ್ಟಿತ್ತು ಅಂತ ಜನ ಜಗಳ ಮಾಡ್ತಾರೆ. ಇಂಥದ್ದೊಂದು ಇದ್ದಿದ್ರೆ ಜಗಳವೇ ಇರ್ತಿರ್ನಿಲ್ಲ.”

ನಾವು ಚೆಂದ ಎಂದುಕೊಂಡು ತೆಗೆದ ಚಿತ್ರವನ್ನು ಅವರು ಲೆಕ್ಕದ ಪುಸ್ತಕದಂತೆ ಓದಿದರು. ನನಗೆ ಟ್ರಂಕಿನ ಆ ಬಿಳಿ ಫೋಟೋ ನೆನಪಾಯಿತು.

ಕೆರೆ ಹೋಗುವುದು ಒಂದೇ ದಿನಕ್ಕಲ್ಲ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳದಲ್ಲಿ. ಅಲ್ಲಿ ಬಸ್ಸು ಹತ್ತುವ ಎಷ್ಟು ಜನಕ್ಕೆ ಕಾಲ ಕೆಳಗಿದ್ದ ನೀರು ಗೊತ್ತು? ಅಜ್ಜ ಅಜ್ಜಿಯರೇ, ನಿಮ್ಮೂರಿನ ಕೆರೆಯಲ್ಲಿ ತೂಬು ಎಲ್ಲಿ, ಕೋಡಿ ಎಲ್ಲಿ, ನೀರು ಎಲ್ಲಿಯವರೆಗೆ ಬರುತ್ತಿತ್ತು ಎಂಬುದು ನಿಮಗೆ ಗೊತ್ತಿದೆ. ಚಿತ್ರ ತೆಗೆಯುವ ಸಾಧನ ಮೊಮ್ಮಕ್ಕಳ ಕೈಯಲ್ಲಿದೆ. ಇಬ್ಬರೂ ಒಟ್ಟಿಗೆ ಹೋಗಿ. ಒಂದು ಜಾಗ ಆರಿಸಿ, ಗುರುತು ಇಟ್ಟುಕೊಳ್ಳಿ. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು, ಅದೇ ಜಾಗದಿಂದ ಚಿತ್ರ ತೆಗೆಯಿರಿ. ಹಿಂದೆ ದಿನಾಂಕ ಬರೆಯಿರಿ.

ಮೊಮ್ಮಗಳು ಪ್ರಿಂಟ್ ಅನ್ನು ನೀರಗಂಟಿಯವರಿಗೇ ಬಿಟ್ಟು, ಏರಿಯ ಅದೇ ಕಲ್ಲಿನ ಮೇಲೆ ಹೋಗಿ ಕೂತಳು. ಫೋನಿನ ಗಾಜನ್ನು ಲಂಗದ ಅಂಚಿನಿಂದ ಒರೆಸಿದಳು. ಬಿಸಿಲು ಗುಡ್ಡದ ಬಂಡೆಗೆ ಬರಲು ಇನ್ನೂ ನಾಲ್ಕು ಬೆರಳು ಇತ್ತು.